ಯುವ ಜಾಝ್ ತಂಡಗಳಿಗೆ ಹೊತ್ತು, ಕೊಠಡಿ, ಹಣ ಹಂಚುವವರಿಗೊಂದು ಬಹಿರಂಗ ಪತ್ರ

ಮಾನ್ಯರೇ,

ಶಾಲಾ ಆಡಳಿತ ಮಂಡಳಿಗಳಲ್ಲಿ, ಸಂಗೀತ ಪ್ರತಿಷ್ಠಾನಗಳಲ್ಲಿ, ಯುವ ಸಂಗೀತೋತ್ಸವಗಳ ಸಮಿತಿಗಳಲ್ಲಿ ಕೂತು ಮಕ್ಕಳ ಜಾಝ್ ತಂಡಗಳಿಗೆ ಎಷ್ಟು ಹೊತ್ತು, ಯಾವ ಕೊಠಡಿ, ಎಷ್ಟು ದುಡ್ಡು ಎಂದು ತೀರ್ಮಾನಿಸುವವರು ನೀವು. ಆ ತಂಡಗಳಿಗೆ ಪಾಠ ಹೇಳುವವರು ನಾವು. ಹದಿನೇಳು ಜನರ ಒಂದು ಬಿಗ್ ಬ್ಯಾಂಡ್ ಕಟ್ಟಿ, ವರ್ಷವಿಡೀ ಮೂರು ಚಾರ್ಟ್‌ಗಳನ್ನು (ತಂಡಕ್ಕೆಂದು ಬರೆದ ಸ್ವರಲಿಪಿ) ತಿದ್ದಿ ತೀಡಿ, ಸ್ಪರ್ಧೆಗೆ ಕಳಿಸಿ ಬಂದರೆ ಜಾಝ್ ಶಿಕ್ಷಣ ಮುಗಿಯಿತು ಎಂಬ ಲೆಕ್ಕಾಚಾರವನ್ನು ದಯವಿಟ್ಟು ಕೈಬಿಡಿ. ಬಿಗ್ ಬ್ಯಾಂಡ್ ಇರಲಿ, ಅದು ಬೇಕು. ಅದರ ಜೊತೆಗೆ ಪ್ರತಿ ವಿದ್ಯಾರ್ಥಿಗೂ ನಾಲ್ಕರಿಂದ ಎಂಟು ಜನರ ಒಂದು ಕಾಂಬೋ ಸಿಗಬೇಕು, ಪಿಯಾನೋ, ಗಿಟಾರ್, ಬಾಸ್, ಡ್ರಮ್ಸ್ ಸೇರಿದ ರಿದಮ್ ಸೆಕ್ಷನ್‌ಗೆ ಪ್ರತ್ಯೇಕ ಪಾಠ ಸಿಗಬೇಕು, ಇಂಪ್ರೊವೈಸೇಶನ್, ಅಂದರೆ ಬರೆದಿಡದೆ ಆ ಕ್ಷಣಕ್ಕೆ ತಾವೇ ಕಟ್ಟಿ ನುಡಿಸುವ ಪಾಠ, ಎಲ್ಲರಿಗೂ ಕಡ್ಡಾಯವಾಗಿ ಸಿಗಬೇಕು. ಕಾರಣಗಳನ್ನೂ ಹೇಗೆ ಮಾಡಬಹುದು ಎಂಬುದನ್ನೂ ಕೆಳಗೆ ಬಿಡಿಸಿ ಬರೆದಿದ್ದೇವೆ.

ಬಿಗ್ ಬ್ಯಾಂಡಿನ ರೂಢಿಯ ಲೆಕ್ಕ ಹೀಗಿದೆ: 2 ಆಲ್ಟೋ, 2 ಟೆನರ್, 1 ಬ್ಯಾರಿಟೋನ್ ಸೇರಿ 5 ಸ್ಯಾಕ್ಸೋಫೋನ್, 4 ಟ್ರಂಪೆಟ್, 4 ಟ್ರೋಂಬೋನ್, ಅದರಲ್ಲಿ ನಾಲ್ಕನೆಯದು ಸಾಮಾನ್ಯವಾಗಿ ಬಾಸ್ ಟ್ರೋಂಬೋನ್, ಪಿಯಾನೋ, ಗಿಟಾರ್, ಬಾಸ್, ಡ್ರಮ್ಸ್. ಒಟ್ಟು 17 ಕುರ್ಚಿ. ಶಾಲಾ ಮಟ್ಟದ ಒಂದು ಚಾರ್ಟ್‌ನಲ್ಲಿ ಸೋಲೋ ಬರುವುದು ಒಬ್ಬರಿಗೆ, ಹೆಚ್ಚೆಂದರೆ ಮೂವರಿಗೆ. ಅದೂ ಎರಡನೇ ಟ್ರಂಪೆಟ್, ಮೊದಲ ಟೆನರ್, ಮೊದಲ ಆಲ್ಟೋ ಕುರ್ಚಿಗಳಿಗೆ. ಮೂರನೇ ಟ್ರೋಂಬೋನ್ ನುಡಿಸುವ ಹುಡುಗಿ ನಾಲ್ಕು ವರ್ಷ ನಿಷ್ಠೆಯಿಂದ ಬಂದು, ಕಾಗದದ ಮೇಲಿದ್ದುದನ್ನೆಲ್ಲ ತಪ್ಪಿಲ್ಲದೆ ನುಡಿಸಿ, ತನ್ನದೇ ಒಂದು ಸಾಲನ್ನೂ ಹುಟ್ಟಿಸದೆ ಹೊರಗೆ ಹೋಗಬಹುದು. ಇದರಲ್ಲಿ ಆಕೆಯ ತಪ್ಪೇನೂ ಇಲ್ಲ. ವೇಳಾಪಟ್ಟಿ ಬರೆದವರು ಆಕೆಗೆ ಆ ಅವಕಾಶವನ್ನೇ ಇಟ್ಟಿರಲಿಲ್ಲ.

ಸೋಲೋ ಸಿಕ್ಕವರ ಪರಿಸ್ಥಿತಿಯೂ ಹೇಳಿಕೊಳ್ಳುವಂತಿಲ್ಲ. ಶಾಲೆಗಳಿಗೆಂದು ಅಚ್ಚಾಗುವ ಅನೇಕ ಚಾರ್ಟ್‌ಗಳಲ್ಲಿ ಸೋಲೋ ಭಾಗದಲ್ಲಿ ಕಾರ್ಡ್ (ಒಟ್ಟಿಗೆ ನುಡಿಸುವ ಸ್ವರಗಳ ಗುಂಪು) ಹೆಸರುಗಳ ಜೊತೆಗೆ ಒಂದು ಮಾದರಿ ಸೋಲೋವನ್ನೂ ಬರೆದುಕೊಟ್ಟಿರುತ್ತಾರೆ. ಅದು ಊರುಗೋಲಾಗಲಿ ಎಂಬುದು ಪ್ರಕಾಶಕರ ಉದ್ದೇಶ. ಸ್ಪರ್ಧೆ ಹತ್ತಿರ ಬಂದಾಗ ಮಕ್ಕಳು ಅದನ್ನೇ ಬಾಯಿಪಾಠ ಮಾಡುತ್ತಾರೆ, ಶಿಕ್ಷಕರೂ ಸುಮ್ಮನಿರುತ್ತಾರೆ, ತೀರ್ಪುಗಾರರು ಅಂಕ ಕೊಡುತ್ತಾರೆ. ಉತ್ಸವ ಸಮಿತಿಯವರು ನಿಯಮಾವಳಿಗೆ ಒಂದು ಸಾಲು ಸೇರಿಸಿದರೆ ಸಾಕು: ಅಚ್ಚಾದ ಸೋಲೋವನ್ನು ಇಂಪ್ರೊವೈಸೇಶನ್ ಎಂದು ಅಂಕಕ್ಕೆ ಪರಿಗಣಿಸುವುದಿಲ್ಲ. ತರಗತಿಗಳಲ್ಲಿ ಏನು ಕಲಿಸುತ್ತಾರೆ ಎಂಬುದು ಈ ಒಂದು ಸಾಲಿನಿಂದ ಬದಲಾಗುತ್ತದೆ.

ಇಂಪ್ರೊವೈಸೇಶನ್ ಕಲಿಸಲು ಬರುವುದಿಲ್ಲ, ಅದು ಹುಟ್ಟಿನಿಂದ ಬರಬೇಕು ಎಂದು ನಂಬಿದವರು ಆಡಳಿತದಲ್ಲೂ ಇದ್ದಾರೆ, ಶಿಕ್ಷಕರಲ್ಲೂ ಇದ್ದಾರೆ. ಆ ನಂಬಿಕೆಗೆ ಕಾರಣ ಕಲಿಸುವ ಕ್ರಮದಲ್ಲಿರುವ ದೋಷ. ಸಾಮಾನ್ಯವಾಗಿ ನಡೆಯುವುದಿಷ್ಟು: ಆರು ಸ್ವರದ ಬ್ಲೂಸ್ ಸ್ಕೇಲ್ ಕೊಟ್ಟು, ‘ಇದರಲ್ಲಿ ಯಾವ ಸ್ವರ ನುಡಿಸಿದರೂ ಸರಿ, ಶುರು ಮಾಡು’ ಎನ್ನುತ್ತೇವೆ. ಮಗು ಸ್ಕೇಲನ್ನು ಮೇಲಿಂದ ಕೆಳಗೆ, ಕೆಳಗಿಂದ ಮೇಲೆ ಓಡಿಸುತ್ತದೆ. ಬ್ಲೂಸ್‌ನ ಒಂದು ಸುತ್ತಿನ 12 ಬಾರ್‌ಗಳಲ್ಲಿ (ಬಾರ್ ಎಂದರೆ ನಾಲ್ಕು ಎಣಿಕೆ) ತಾನು ಎಲ್ಲಿದ್ದೇನೆ ಎಂಬುದು ಅದಕ್ಕೆ ಕೇಳಿಸುವುದಿಲ್ಲ, ಏಕೆಂದರೆ ಕೇಳಿಸಿಕೊಳ್ಳಬೇಕಾದ ಅಗತ್ಯವೇ ಆ ಪಾಠದಲ್ಲಿಲ್ಲ. ಎರಡು ವಾರದಲ್ಲಿ ಬೇಸರ ಬರುತ್ತದೆ, ‘ನನಗೆ ಇದು ಬರಲ್ಲ’ ಎಂದು ಮಗುವೇ ತೀರ್ಮಾನಿಸಿಬಿಡುತ್ತದೆ.

ಅದೇ ಬ್ಲೂಸನ್ನು ಬೇರೆ ದಾರಿಯಿಂದ ನೋಡಿ. ಕನ್ಸರ್ಟ್ ಬಿ-ಫ್ಲಾಟ್ ಬ್ಲೂಸ್ ತೆಗೆದುಕೊಳ್ಳೋಣ. ಪಿಯಾನೋದಲ್ಲಿ ಬಿ-ಫ್ಲಾಟ್ ಆದದ್ದನ್ನು ಟ್ರಂಪೆಟ್, ಟೆನರ್ ಪುಟದಲ್ಲಿ ಸಿ ಎಂದು, ಆಲ್ಟೋ, ಬ್ಯಾರಿಟೋನ್ ಪುಟದಲ್ಲಿ ಜಿ ಎಂದು ಬರೆಯುತ್ತಾರೆ. ಸರಳ ರೂಪದಲ್ಲಿ 1ರಿಂದ 4ನೇ ಬಾರ್ ಬಿ-ಫ್ಲಾಟ್ 7, 5 ಮತ್ತು 6 ಇ-ಫ್ಲಾಟ್ 7, 7 ಮತ್ತು 8 ಮತ್ತೆ ಬಿ-ಫ್ಲಾಟ್ 7, 9ನೆಯದು ಎಫ್ 7, 10ನೆಯದು ಇ-ಫ್ಲಾಟ್ 7, ಕೊನೆಯ ಎರಡು ಮನೆಗೆ, ಅಂದರೆ ಬಿ-ಫ್ಲಾಟ್ 7ಕ್ಕೆ ವಾಪಸ್. ಪ್ರತಿ ಕಾರ್ಡ್‌ನ ಮೂರನೇ ಮತ್ತು ಏಳನೇ ಸ್ವರ ಮಾತ್ರ ಹಿಡಿಯಿರಿ. ಬಿ-ಫ್ಲಾಟ್ 7ರಲ್ಲಿ ಅವು ಡಿ ಮತ್ತು ಎ-ಫ್ಲಾಟ್. 5ನೇ ಬಾರ್‌ಗೆ ಬಂದಾಗ ಡಿ ಅರ್ಧ ಸ್ವರ ಇಳಿದು ಡಿ-ಫ್ಲಾಟ್ ಆಗುತ್ತದೆ, ಎ-ಫ್ಲಾಟ್ ಅರ್ಧ ಇಳಿದು ಜಿ ಆಗುತ್ತದೆ. 9ನೇ ಬಾರ್‌ನಲ್ಲಿ ಎಫ್ 7 ಬಂದಾಗ ಬಿ-ಫ್ಲಾಟ್ 7ರ ಅದೇ ಡಿ ಮತ್ತು ಎ-ಫ್ಲಾಟ್ ಅರ್ಧ ಅರ್ಧ ಏರಿ ಇ-ಫ್ಲಾಟ್ ಮತ್ತು ಎ ಆಗುತ್ತವೆ. ಇಡೀ ಬ್ಲೂಸ್‌ನ ನಡೆ ಎರಡು ಸ್ವರಗಳ ಈ ಏರಿಳಿತದಲ್ಲಿ ಕೇಳಿಸುತ್ತದೆ. ಮೊದಲು ಹಾಡಿಸಿ, ವಾದ್ಯ ಕೆಳಗಿಟ್ಟು ಅರ್ಧ ತರಗತಿ ಒಂದು ಸಾಲು, ಇನ್ನರ್ಧ ಇನ್ನೊಂದು ಸಾಲು. ಆಮೇಲೆ ನುಡಿಸಲಿ, ಪ್ರತಿ ಬಾರ್‌ಗೆ ಒಂದೇ ಉದ್ದದ ಸ್ವರ. ಆಮೇಲೆ ಅದೇ ಸ್ವರವನ್ನು ಒಡೆದು ಲಯ ಕಟ್ಟಲಿ. ಆಮೇಲೆ ಒಂದು ಸ್ವರದಿಂದ ಮುಂದಿನದಕ್ಕೆ ತಮ್ಮದೇ ದಾರಿ ಹುಡುಕಲಿ. ವಾರಕ್ಕೆರಡು ಬಾರಿ 20 ನಿಮಿಷದಂತೆ ಕೊಟ್ಟರೆ ಶಾಲೆಯ ಒಂದು ಟರ್ಮ್‌ನೊಳಗೆ ತರಗತಿಯ ಬಹುತೇಕ ಮಕ್ಕಳು ಕಣ್ಣು ಮುಚ್ಚಿಕೊಂಡು 5ನೇ ಬಾರ್‌ಗೆ ಬಂದದ್ದನ್ನು ಗುರುತಿಸುತ್ತಾರೆ. ಬ್ಲೂಸ್ ಸ್ಕೇಲ್ ಆಮೇಲೆ ಕೊಡಿ. ಆಗ ಅದು ಬಣ್ಣವಾಗಿ ಕೆಲಸ ಮಾಡುತ್ತದೆ.

ಇದಕ್ಕೆ ಕಾಂಬೋ ಬೇಕು, ಏಕೆಂದರೆ 17 ಜನ ಸರದಿಯಲ್ಲಿ ಎರಡೆರಡು ಕೋರಸ್ (12 ಬಾರ್‌ಗಳ ಒಂದು ಪೂರ್ತಿ ಸುತ್ತು) ನುಡಿಸಿದರೆ ತಾಲೀಮಿನ ಹೊತ್ತು ಅಲ್ಲಿ ಹೋಗುತ್ತದೆ, ಊದುವವರಲ್ಲಿ ಒಬ್ಬರನ್ನು ಬಿಟ್ಟು ಉಳಿದವರೆಲ್ಲ ಸುಮ್ಮನೆ ಕೂತಿರುತ್ತಾರೆ. ಐದು ಜನರ ಗುಂಪಿನಲ್ಲಿ ಒಂದು ಗಂಟೆಯೊಳಗೆ ಪ್ರತಿಯೊಬ್ಬರೂ ನಾಲ್ಕೈದು ಸಲ ಸೋಲೋ ನುಡಿಸಿ, ಉಳಿದವರಿಗೆ ಹಿನ್ನೆಲೆಯನ್ನೂ ಕಟ್ಟಿರುತ್ತಾರೆ. ನಮ್ಮ ಅನುಭವದಲ್ಲಿ ವಾರಕ್ಕೆ ಪೂರ್ಣ ತಂಡದ ಒಂದು 90 ನಿಮಿಷದ ತಾಲೀಮು, 45 ನಿಮಿಷದ ಸೆಕ್ಷನಲ್ (ಒಂದೊಂದು ವಾದ್ಯ ವಿಭಾಗದ ಪ್ರತ್ಯೇಕ ತಾಲೀಮು), 60 ನಿಮಿಷದ ಕಾಂಬೋ ಸಾಕಾಗುತ್ತದೆ. ಹೊತ್ತು ಇಷ್ಟಿಲ್ಲ ಎನ್ನುವುದಾದರೆ ಪೂರ್ಣ ತಂಡದ ತಾಲೀಮನ್ನು ಒಂದು ಗಂಟೆಗೆ ಇಳಿಸಿ, ಕಾಂಬೋ ಹೊತ್ತಿಗೆ ಕೈ ಹಾಕಬೇಡಿ.

ರಿದಮ್ ಸೆಕ್ಷನ್ ವಿಷಯಕ್ಕೆ ಬರುತ್ತೇವೆ. ಈ ಪತ್ರದಲ್ಲಿ ನಿಮಗೆ ಒಂದೇ ಪ್ಯಾರಾ ಓದಲು ಪುರುಸೊತ್ತಿದ್ದರೆ ಇದನ್ನು ಓದಿ. ಹೆಚ್ಚಿನ ತಂಡಗಳ ಶಿಕ್ಷಕರು ಕೊಳಲು, ಕ್ಲಾರಿನೆಟ್, ಟ್ರಂಪೆಟ್‌ನಂಥ ಊದುವ ವಾದ್ಯಗಳಿಂದ ಬಂದವರು. ಊದುವವರ ತಪ್ಪು ಅವರಿಗೆ ತಕ್ಷಣ ಕೇಳಿಸುತ್ತದೆ. ಡ್ರಮ್ಸ್, ಬಾಸ್ ಕಡೆಗೆ ‘ಇನ್ನಷ್ಟು ಮೆಲ್ಲಗೆ’ ಎನ್ನುವುದು ಬಿಟ್ಟರೆ ಹೇಳಲು ಅವರ ಹತ್ತಿರ ಮಾತಿರುವುದಿಲ್ಲ. ಸ್ವಿಂಗ್, ಅಂದರೆ ಜಾಝ್‌ನ ತೂಗುವ ಲಯ, ಹುಟ್ಟುವುದೂ ಸಾಯುವುದೂ ಆ ಮೂಲೆಯಲ್ಲೇ. ರಾಕ್ ಸಂಗೀತದಿಂದ ಬಂದ ಡ್ರಮ್ಮರ್ ಹುಡುಗ ಕಾಲಿನ ಬಾಸ್ ಡ್ರಮ್ಮನ್ನು ಜೋರಾಗಿ ಒದ್ದು, 2 ಮತ್ತು 4ನೇ ಎಣಿಕೆಗೆ ಸ್ನೇರ್ ಹೊಡೆಯುತ್ತಾನೆ. ಬಾಸ್ ವಾದ್ಯದ ಸ್ವರ ಅದರಡಿ ಮುಚ್ಚಿಹೋಗುತ್ತದೆ. ಅವನಿಗೆ ಹೇಳಬೇಕಾದದ್ದು ಇಷ್ಟು: ತಾಳದ ಭಾರ ಬಲಗೈಯ ರೈಡ್ ಸಿಂಬಲ್ ಮೇಲಿರಲಿ, 2 ಮತ್ತು 4ಕ್ಕೆ ಎಡಗಾಲಿನ ಹೈ-ಹ್ಯಾಟ್ ಚುರುಕಾಗಿ ಮುಚ್ಚಲಿ, ಬಾಸ್ ಡ್ರಮ್ ನಾಲ್ಕೂ ಎಣಿಕೆಗೆ ಸವರಿದಷ್ಟು ಮೆಲ್ಲಗೆ ಇರಲಿ, ಪಕ್ಕದಲ್ಲಿರುವವರಿಗೆ ಅದು ಕೇಳಿಸುವುದಕ್ಕಿಂತ ಹೆಚ್ಚಾಗಿ ಅನುಭವಕ್ಕೆ ಬರಲಿ. ಬಾಸ್ ನುಡಿಸುವವರ ಕ್ವಾರ್ಟರ್ ಸ್ವರಗಳು ಒಂದರಿಂದೊಂದಕ್ಕೆ ತಾಗಿಕೊಂಡಿರಬೇಕು. ಬೆರಳನ್ನು ಬೇಗ ಎತ್ತಿದರೆ ನಡಿಗೆ ಕುಂಟುತ್ತದೆ. ಆಂಪ್‌ನಲ್ಲಿ ಮಂದ್ರವನ್ನು ಪೂರ್ತಿ ಏರಿಸಿಟ್ಟರೆ ಕೊಠಡಿ ಗುಂಯ್‌ಗುಡುತ್ತದೆಯೇ ಹೊರತು ಸ್ವರ ತಿಳಿಯುವುದಿಲ್ಲ. ಮಂದ್ರ ಇಳಿಸಿ, ನಡುವಿನದನ್ನು ಸ್ವಲ್ಪ ಏರಿಸಿ.

ಪಿಯಾನೋ ವಿದ್ಯಾರ್ಥಿಗಳು ಎಡಗೈಯಲ್ಲಿ ಮೂಲಸ್ವರ ಹೊಡೆದು ಬಾಸ್‌ನ ಕೆಲಸಕ್ಕೆ ಕೈ ಹಾಕುತ್ತಾರೆ. ಬಿ-ಫ್ಲಾಟ್ 7ಕ್ಕೆ ಎಡಗೈಯಲ್ಲಿ ಎ-ಫ್ಲಾಟ್, ಡಿ, ಬಲಗೈಯಲ್ಲಿ ಜಿ, ಸಿ ಇಟ್ಟುಕೊಂಡು ನೋಡಲಿ. ಮೂಲಸ್ವರವೇ ಇಲ್ಲದೆ ಕಾರ್ಡ್ ಪೂರ್ತಿ ಕೇಳಿಸುತ್ತದೆ, ಬಾಸ್‌ಗೆ ತನ್ನ ಜಾಗ ಸಿಗುತ್ತದೆ. ಗಿಟಾರ್ ಮತ್ತು ಪಿಯಾನೋ ಒಟ್ಟಿಗೆ ಒಂದೇ ಎತ್ತರದಲ್ಲಿ ಕಾರ್ಡ್ ಹಾಕಿದರೆ ಎಲ್ಲ ಕಲಸಿಹೋಗುತ್ತದೆ, ಆಗ ಸೋಲೋ ನುಡಿಸುವವರಿಗೆ ಏನೂ ತಿಳಿಯುವುದಿಲ್ಲ. ಒಂದು ಸೋಲೋಗೆ ಪಿಯಾನೋ, ಇನ್ನೊಂದಕ್ಕೆ ಗಿಟಾರ್ ಎಂದು ಹಂಚಿಕೊಡಿ. ಇಬ್ಬರೂ ಇರಲೇಬೇಕಾದ ಕಡೆ ಗಿಟಾರ್ ನಾಲ್ಕೂ ಎಣಿಕೆಗೆ ಸಣ್ಣ ಕಾರ್ಡ್ ಹಿಡಿದು ಹೋಗಲಿ. ಪಿಯಾನೋ ವಾದಕ ಕೌಂಟ್ ಬೇಸಿ ಕಟ್ಟಿದ ಬಿಗ್ ಬ್ಯಾಂಡಿನಲ್ಲಿ 1937ರಿಂದ 1987ರಲ್ಲಿ ತೀರಿಕೊಳ್ಳುವವರೆಗೆ ಗಿಟಾರ್ ವಾದಕ ಫ್ರೆಡ್ಡಿ ಗ್ರೀನ್ ಮಾಡಿದ್ದು ಈ ಕೆಲಸವನ್ನೇ. ಎರಡು ಮೂರು ತಂತಿ ಮಾತ್ರ, ವಿದ್ಯುತ್ ಆಂಪ್‌ನ ಸಹಾಯವಿಲ್ಲ, ಸೋಲೋ ಇಲ್ಲವೆನ್ನುವಷ್ಟು ಕಡಿಮೆ. ಇಡೀ ತಂಡ ಆ ಗಿಟಾರಿನ ಮೇಲೆ ನಿಂತಿತ್ತು. ಈ ಧ್ವನಿಮುದ್ರಿಕೆಗಳನ್ನು ನಮ್ಮ ಗಿಟಾರ್ ಮಕ್ಕಳಿಗೆ ಕೇಳಿಸದೆ ಆಂಪ್ ಕೊಡಿಸುವುದು ತಿರುವುಮುರುವು ಕೆಲಸ.

ಆದ್ದರಿಂದ, ಅತಿಥಿ ಕಲಾವಿದರಿಗೆಂದು ನೀವು ಇಡುವ ಹಣವನ್ನು ವರ್ಷಕ್ಕೊಮ್ಮೆ ಬಂದು ಹೋಗುವ ದೊಡ್ಡ ಹೆಸರಿನ ಟ್ರಂಪೆಟ್ ವಾದಕರಿಗೆ ಕೊಡುವ ಬದಲು, ವರ್ಷದಲ್ಲಿ ನಾಲ್ಕಾರು ಸಲ ಬಂದು ಈ ನಾಲ್ವರ ಪಕ್ಕ ಕೂರುವ ಒಬ್ಬ ಡ್ರಮ್ಮರ್‌ಗೋ ಬಾಸ್ ವಾದಕರಿಗೋ ಕೊಡಿ.

ಸ್ವಿಂಗ್ ಬಗ್ಗೆ ಊದುವವರಿಗೂ ಹೇಳಬೇಕಾದದ್ದಿದೆ. ಡಾಟೆಡ್ ಎಂಟನೇ ಸ್ವರ ಮತ್ತು ಹದಿನಾರನೇ ಸ್ವರದ ಜೋಡಿಯಂತೆ ನುಡಿಸಿ ಎಂದು ಹೇಳಿಕೊಡುವುದು ಇನ್ನೂ ನಿಂತಿಲ್ಲ. ಅದರಿಂದ ಕುದುರೆ ಓಟದ ಗಡಸು ಬರುತ್ತದೆ. ಮಧ್ಯಮ ವೇಗದಲ್ಲಿ ಟ್ರಿಪ್ಲೆಟ್‌ನ ಮೊದಲ ಎರಡು ಪಾಲು ಉದ್ದ, ಮೂರನೆಯದು ಗಿಡ್ಡ ಎಂಬ ಅಂದಾಜು ಸರಿಹೋಗುತ್ತದೆ. ವೇಗ ಹೆಚ್ಚಿದಂತೆ ಎರಡೂ ಸ್ವರ ಸಮಕ್ಕೆ ಹತ್ತಿರವಾಗುತ್ತವೆ. ನಾಲಿಗೆ ಎಣಿಕೆಯ ನಡುವಿನ ಗಿಡ್ಡ ಸ್ವರಕ್ಕೆ ತಾಗಲಿ, ಅಲ್ಲಿಂದ ಎಣಿಕೆಯ ಸ್ವರಕ್ಕೆ ಜಾರಲಿ. ಇದನ್ನು ಬಾಯಲ್ಲಿ ‘ಡೂ-ಡಾ’ ಎಂದು ಹಾಡಿಸದೆ ವಾದ್ಯದಲ್ಲಿ ತಿದ್ದಲು ಹೊರಟರೆ ಹೊತ್ತು ಹಾಳು.

ಚಾರ್ಟ್ ಆರಿಸುವಾಗ ನಾವು ಮೊದಲು ತೆರೆಯುವುದು ಲೀಡ್ ಟ್ರಂಪೆಟ್ (ಆ ಸಾಲಿನ ಮುಂದಾಳು) ಪುಟ. ಸ್ಟಾಫ್‌ನ (ಸ್ವರಲಿಪಿಯ ಐದು ಗೆರೆ) ಮೇಲಿನ ಹೈ ಸಿ ಮತ್ತೆ ಮತ್ತೆ ಬರುವ ಚಾರ್ಟನ್ನು, ಅದಕ್ಕಿಂತ ಕೆಳಗಿನ ಜಿ ತನಕ ಮಾತ್ರ ಆರಾಮಾಗಿ ನುಡಿಸುವ ಮಗುವಿನ ಮುಂದಿಟ್ಟರೆ ಆ ಮಗು ಮೌತ್‌ಪೀಸನ್ನು ತುಟಿಗೆ ಒತ್ತಲು ಶುರುಮಾಡುತ್ತದೆ. ಅರ್ಧ ಗಂಟೆಯಲ್ಲಿ ತುಟಿ ಊದಿಕೊಳ್ಳುತ್ತದೆ, ಮರುದಿನ ಕೆಳಗಿನ ಸ್ವರಗಳೂ ಗಾಳಿಗಾಳಿಯಾಗಿ ಬರುತ್ತವೆ. ಒಮ್ಮೆ ಒತ್ತುವ ಅಭ್ಯಾಸ ಆದರೆ ಬಿಡಿಸಲು ವರ್ಷಗಳು ಬೇಕು. ಕಾರ್ಯಕ್ರಮದಲ್ಲಿ ಲೀಡ್ ಕುರ್ಚಿಯನ್ನು ಇಬ್ಬರ ನಡುವೆ ಹಂಚಿ, ತಾಲೀಮಿನಲ್ಲಿ ನುಡಿಸಿದಷ್ಟೇ ಹೊತ್ತು ವಿಶ್ರಾಂತಿ ಕೊಡಿ. ‘ಕಳೆದ ವರ್ಷ ಗ್ರೇಡ್ 3 ನುಡಿಸಿದಿರಿ, ಈ ವರ್ಷ 4 ಯಾಕಿಲ್ಲ’ ಎಂದು ಕೇಳುವ ಆಡಳಿತದವರು ಈ ಒಂದು ತುಟಿಯನ್ನು ನೆನಪಿಟ್ಟುಕೊಳ್ಳಬೇಕೆಂದು ಕೋರುತ್ತೇವೆ.

17 ಜನ ಸೇರುವವರೆಗೆ ತಂಡ ಶುರುಮಾಡುವುದಿಲ್ಲ ಎಂಬ ಮಾತನ್ನೂ ಕೇಳುತ್ತೇವೆ. ಕಾಯಬೇಕಾಗಿಲ್ಲ. ಕ್ಲಾರಿನೆಟ್‌ನವರು ಬಿ-ಫ್ಲಾಟ್ ಲೀಡ್ ಶೀಟ್ (ಹಾಡಿನ ಮುಖ್ಯ ಸಾಲು ಮತ್ತು ಕಾರ್ಡ್ ಹೆಸರು ಮಾತ್ರ ಇರುವ ಪುಟ) ಹಾಗೆಯೇ ಓದಬಹುದು, ಕೊಳಲು, ಪಿಟೀಲು, ವೈಬ್ರಾಫೋನ್‌ಗಳಿಗೆ ಸಿ ಲೀಡ್ ಶೀಟ್, ಯೂಫೋನಿಯಂಗೆ ಟ್ರೋಂಬೋನ್ ಪುಟ, ಬಾಸ್ ಇಲ್ಲದ ಕಡೆ ಟ್ಯೂಬಾ. ಬೇಕಾದವರು ಬರಲಿ, ಆರು ಜನ ಆದರೆ ತಂಡ ಆಯಿತು.

ಕೂರಿಸುವ ಕ್ರಮಕ್ಕೆ ದುಡ್ಡು ಬೇಕಿಲ್ಲ, ಆದರೂ ಎಷ್ಟೋ ವೇದಿಕೆಗಳಲ್ಲಿ ಅದೇ ತಪ್ಪಿರುತ್ತದೆ. ಲೀಡ್ ಆಲ್ಟೋ, ಅವರ ಹಿಂದೆ ಲೀಡ್ ಟ್ರೋಂಬೋನ್, ಅವರ ಹಿಂದೆ ಲೀಡ್ ಟ್ರಂಪೆಟ್ ಒಂದೇ ಗೆರೆಯಲ್ಲಿ ಬರಬೇಕು. ಮುಂದಿನವರು ಹಿಂದಿನವರ ಉಸಿರನ್ನೂ ಸ್ವರದ ಕೊನೆಯನ್ನೂ ಕೇಳಿ ಹಿಡಿಯುತ್ತಾರೆ. ಸೋಲೋ ಹೆಚ್ಚಿರುವ ಕುರ್ಚಿಗಳು ರಿದಮ್ ಸೆಕ್ಷನ್ ಕಡೆಗಿರಲಿ, ಬ್ಯಾರಿಟೋನ್ ಸ್ಯಾಕ್ಸ್ ಮತ್ತು ಬಾಸ್ ಟ್ರೋಂಬೋನ್ ಇನ್ನೊಂದು ತುದಿಯಲ್ಲಿ ಒಂದರ ಹಿಂದೊಂದು ಇರಲಿ. ಬಾಸ್ ವಾದಕರು ಡ್ರಮ್ಮರ್‌ನ ಹೈ-ಹ್ಯಾಟ್ ಪಕ್ಕ ನಿಂತು ರೈಡ್ ಸಿಂಬಲನ್ನು ಕಣ್ಣಾರೆ ನೋಡುವಂತಿರಬೇಕು. ವೇದಿಕೆ ಅಗಲವಾಗಿದೆ ಎಂದು ತಂಡವನ್ನು ಹರಡಬೇಡಿ. ಕಾರ್ಯಕ್ರಮದ ಫೋಟೋ ಚೆನ್ನಾಗಿ ಬರುತ್ತದೆ, ತಾಳ ಹರಿದುಹೋಗುತ್ತದೆ.

ಕೊಠಡಿಯ ಬಗ್ಗೆ ನಿಮ್ಮ ನೇರ ಹೊಣೆಯಿದೆ. ಅಮೆರಿಕದ ಔದ್ಯೋಗಿಕ ಸುರಕ್ಷತೆ ಮತ್ತು ಆರೋಗ್ಯ ಸಂಸ್ಥೆ ನಿಯೋಶ್ ಶಿಫಾರಸು ಮಾಡುವ ಮಿತಿ 8 ಗಂಟೆಗೆ 85 ಡೆಸಿಬಲ್. ಪ್ರತಿ 3 ಡೆಸಿಬಲ್ ಏರಿದಾಗ ಸುರಕ್ಷಿತ ಹೊತ್ತು ಅರ್ಧವಾಗುತ್ತದೆ. 94ಕ್ಕೆ ಒಂದು ಗಂಟೆ, 100ಕ್ಕೆ 15 ನಿಮಿಷ. ಇದು ದುಡಿಯುವ ವಯಸ್ಕರಿಗೆಂದು ಹಾಕಿದ ಲೆಕ್ಕ. ತಗ್ಗು ಚಾವಣಿಯ, ಬರಿಗೋಡೆಯ ತರಗತಿಯಲ್ಲಿ ಟ್ರಂಪೆಟ್, ಟ್ರೋಂಬೋನ್ ಸೇರಿ ಎಂಟು ಬ್ರಾಸ್ ವಾದ್ಯ ಒಟ್ಟಿಗೆ ಊದಿದಾಗ 94 ದಾಟುವುದು ಕಷ್ಟವೇನಲ್ಲ, ಟ್ರಂಪೆಟ್‌ಗಳ ಮುಂದೆ ಕೂತ ಟ್ರೋಂಬೋನ್ ಮಕ್ಕಳ ಕಿವಿಗೆ ಅದು ನೇರವಾಗಿ ಬೀಳುತ್ತದೆ. ದಪ್ಪ ಪರದೆ, ಹೀರುವ ಫಲಕ, ಹಿಂದಿನ ಸಾಲಿಗೆ ಎತ್ತರದ ಮೆಟ್ಟಿಲು, ಎಲ್ಲ ಸ್ವರವನ್ನೂ ಸಮವಾಗಿ ತಗ್ಗಿಸುವ ಸಂಗೀತಗಾರರ ಇಯರ್‌ಪ್ಲಗ್, ಒಂದು ಧ್ವನಿಮಾಪಕ: ಇವನ್ನು ಸಮವಸ್ತ್ರಕ್ಕಿಂತ ಮೊದಲು ಕೊಡಿಸಿ. ಅಗ್ಗದ ಫೋಮ್ ಪ್ಲಗ್ ತಾರಸ್ವರಗಳನ್ನೇ ಹೆಚ್ಚು ನುಂಗುವುದರಿಂದ ಮಕ್ಕಳಿಗೆ ತಮ್ಮ ಶ್ರುತಿ ಕೇಳಿಸುವುದಿಲ್ಲ, ಐದು ನಿಮಿಷದಲ್ಲಿ ತೆಗೆದು ಜೇಬಿಗೆ ಹಾಕಿಕೊಳ್ಳುತ್ತಾರೆ.

ಮ್ಯೂಟ್‌ಗಳು (ಬ್ರಾಸ್ ವಾದ್ಯದ ಬಾಯಿಗೆ ಇಟ್ಟು ದನಿ ಬದಲಿಸುವ ಸಾಧನ), ಬ್ಯಾರಿಟೋನ್ ರೀಡ್‌ಗಳು, ಡ್ರಮ್ ಹೆಡ್‌ಗಳು ವರ್ಷವರ್ಷ ಬೇಕಾಗುವ ಸಣ್ಣ ಖರ್ಚು. ಪ್ರತಿ ಬ್ರಾಸ್ ವಾದಕರಿಗೆ ಸ್ಟ್ರೈಟ್, ಕಪ್, ಪ್ಲಂಜರ್ ಒಂದೊಂದು, ಟ್ರಂಪೆಟ್‌ನವರಿಗೆ ಹಾರ್ಮನ್ ಕೂಡ. ಪ್ಲಂಜರ್ ಎಂದರೆ ಕೊಳಾಯಿ ಕೆಲಸದವರ ರಬ್ಬರ್ ಬಟ್ಟಲೇ, ಕೋಲು ತೆಗೆದುಹಾಕಿದರೆ ಸಾಕು.

ಚಾರ್ಟ್‌ಗಳ ಗ್ರಂಥಾಲಯಕ್ಕೆ ಮಾತ್ರ ಬಜೆಟ್‌ನಲ್ಲಿ ಪ್ರತ್ಯೇಕ ಸಾಲು ಬೇಕು. ಒಂದು ಚಾರ್ಟ್ ಕೊಂಡು ಹತ್ತು ಶಾಲೆಗೆ ಜೆರಾಕ್ಸ್ ಮಾಡಿ ಹಂಚುವುದು ಕಾನೂನಿಗೂ ವಿರುದ್ಧ, ಬರೆದವರ ಹೊಟ್ಟೆಗೂ ಹೊಡೆತ. ನ್ಯೂಯಾರ್ಕಿನ ಜಾಝ್ ಅಟ್ ಲಿಂಕನ್ ಸೆಂಟರ್ 1995-96ರ ಶಾಲಾ ವರ್ಷದಲ್ಲಿ ಆರಂಭಿಸಿದ ‘ಎಸೆನ್ಷಿಯಲಿ ಎಲಿಂಗ್ಟನ್’ ಕಾರ್ಯಕ್ರಮ, ಜಾಝ್ ರಚನಕಾರ, ಬಿಗ್ ಬ್ಯಾಂಡ್ ನಾಯಕ ಡ್ಯೂಕ್ ಎಲಿಂಗ್ಟನ್ ಅವರ ಧ್ವನಿಮುದ್ರಿಕೆಗಳಿಂದ ಬರೆದು ತೆಗೆದ ಚಾರ್ಟ್‌ಗಳನ್ನು ಶಾಲಾ ತಂಡಗಳ ಕೈಗೆ ತಲುಪಿಸಿತು. ಮೂಲ ಧ್ವನಿಮುದ್ರಿಕೆ ಮತ್ತು ಸ್ಕೋರ್ ಒಟ್ಟಿಗೆ ಮುಂದಿದ್ದಾಗ ಆಗುವ ಕಲಿಕೆ ಬೇರೆ ಮಟ್ಟದ್ದು. ಎಲಿಂಗ್ಟನ್ ಬರೆದದ್ದು ‘ಎರಡನೇ ಆಲ್ಟೋ’ ಎಂಬ ಕುರ್ಚಿಗಲ್ಲ, ತಮ್ಮ ತಂಡದ ನಿರ್ದಿಷ್ಟ ವ್ಯಕ್ತಿಗಳ ದನಿಗೆ. ಅದನ್ನು ಕಿವಿಯಾರೆ ಕೇಳಿದ ಮಗು ತನ್ನ ದನಿ ಯಾವುದು ಎಂದು ಹುಡುಕಲು ತೊಡಗುತ್ತದೆ. ಪ್ರತಿ ತಾಲೀಮಿನ ಮೊದಲ ಹತ್ತು ನಿಮಿಷ ಕೇಳುವುದಕ್ಕೇ ಮೀಸಲಿಡಿ, ಚೆನ್ನಾಗಿರುವ ಸ್ಪೀಕರ್ ಒಂದು ಕೊಡಿಸಿ. ಜೇಮಿ ಏಬರ್‌ಸೋಲ್ಡ್ 1967ರಲ್ಲಿ ಶುರುಮಾಡಿದ ಪ್ಲೇ-ಅಲಾಂಗ್ (ಹಿನ್ನೆಲೆ ತಂಡದ ಮುದ್ರಿಕೆಯ ಜೊತೆ ನುಡಿಸುವ) ಮಾಲೆಯಂಥವು ಮನೆಯ ಅಭ್ಯಾಸಕ್ಕೆ ತುಂಬ ಉಪಯೋಗ. ಆದರೆ ಧ್ವನಿಮುದ್ರಿತ ಡ್ರಮ್ಮರ್ ನಿಮ್ಮನ್ನು ಕೇಳಿಸಿಕೊಂಡು ಉತ್ತರ ಕೊಡುವುದಿಲ್ಲ. ಆ್ಯಪ್ ಕೊಡಿಸಿದ್ದೇವಲ್ಲ, ಕಾಂಬೋ ಯಾಕೆ ಎನ್ನುವವರಿಗೆ ನಮ್ಮ ಉತ್ತರ ಇದು.

ಯಾರು ಒಳಗೆ ಬರುತ್ತಾರೆ ಎಂಬ ಪ್ರಶ್ನೆ ಬಾಕಿ ಇದೆ. ‘ಸೋಲೋ ಯಾರು ನುಡಿಸುತ್ತೀರಿ’ ಎಂದು ಕೇಳಿದರೆ ಪ್ರತಿ ಸಲ ಅದೇ ಮೂರು ಕೈ ಮೇಲೇಳುತ್ತವೆ, ಹೆಚ್ಚಾಗಿ ಹುಡುಗರವು. ಕೈ ಎತ್ತುವ ಪದ್ಧತಿಯನ್ನೇ ಬಿಡಿ; ಕಾಂಬೋದಲ್ಲಿ ಎಲ್ಲರೂ ಸರದಿಯಂತೆ ನುಡಿಸಲಿ, ಬಿಗ್ ಬ್ಯಾಂಡ್ ಆಯ್ಕೆಯ ಮೊದಲ ಸುತ್ತು ಪರದೆಯ ಹಿಂದೆ ನಡೆಯಲಿ. ಜಾಝ್ ಹುಡುಗರ ಸಂಗೀತ ಎನ್ನುವವರಿಗೆ ಇತಿಹಾಸವೇ ಉತ್ತರ ಕೊಡುತ್ತದೆ: 1930ರ ದಶಕದಲ್ಲಿ ಮಿಸಿಸಿಪ್ಪಿಯ ಪೈನಿ ವುಡ್ಸ್ ಶಾಲೆಗೆ ಹಣ ಕೂಡಿಸಲು ಹೊರಟ ವಿದ್ಯಾರ್ಥಿನಿಯರ ತಂಡವೇ ಮುಂದೆ ಇಂಟರ್‌ನ್ಯಾಷನಲ್ ಸ್ವೀಟ್‌ಹಾರ್ಟ್ಸ್ ಆಫ್ ರಿದಮ್ ಎಂದು ದೇಶ ಸುತ್ತಿತು. ಷಿಕಾಗೋದ ಡುಸೇಬಲ್ ಹೈಸ್ಕೂಲಿನಲ್ಲಿ ಕ್ಯಾಪ್ಟನ್ ವಾಲ್ಟರ್ ಡೈಯಟ್ ಎಂಬ ಒಬ್ಬ ಮೇಷ್ಟ್ರ ಕೈಯಲ್ಲಿ ಸ್ಯಾಕ್ಸೋಫೋನ್ ವಾದಕರಾದ ಜೀನ್ ಆಮನ್ಸ್, ಜಾನಿ ಗ್ರಿಫಿನ್, ಪಿಯಾನೋ ವಾದಕಿ ಡೊರೊತಿ ಡೊನೆಗನ್ ತಯಾರಾದರು. ಅದು ಸಾಮಾನ್ಯ ಸರ್ಕಾರಿ ಶಾಲೆ. ದೇಶಮಟ್ಟದ ಆಯ್ದ ತಂಡಗಳೂ ಇವೆ, ಬ್ರಿಟನ್ನಿನಲ್ಲಿ 1965ರಿಂದ ನಡೆಯುತ್ತಿರುವ ನ್ಯಾಷನಲ್ ಯೂತ್ ಜಾಝ್ ಆರ್ಕೆಸ್ಟ್ರಾ, ನ್ಯೂಯಾರ್ಕಿನ ಕಾರ್ನೆಗಿ ಹಾಲ್ 2018ರಲ್ಲಿ ಆರಂಭಿಸಿದ ಎನ್‌ವೈಒ ಜಾಝ್. ಅವುಗಳ ಮೇಲೆ ನಮಗೆ ಗೌರವವಿದೆ. ನಾವು ಕೇಳುತ್ತಿರುವುದು ಅಲ್ಲಿಗೆ ಹೋಗದ ಉಳಿದೆಲ್ಲ ಮಕ್ಕಳ ಪರವಾಗಿ.

ಉತ್ಸವ ಸಮಿತಿಗಳಿಗೆ ಇನ್ನೆರಡು ಕೋರಿಕೆ. ಪ್ರತಿ ತಂಡಕ್ಕೆ ವೇದಿಕೆಯಲ್ಲಿ 20 ನಿಮಿಷ ಕೊಟ್ಟರೆ, ಇಳಿದ ಕೂಡಲೇ ತೀರ್ಪುಗಾರರಲ್ಲಿ ಒಬ್ಬರ ಜೊತೆ ಇನ್ನೊಂದು ಕೊಠಡಿಯಲ್ಲಿ 20 ನಿಮಿಷದ ಕ್ಲಿನಿಕ್ ಕೊಡಿ. ಮೂರು ವಾರದ ಮೇಲೆ ಬರುವ ಅಂಕಪಟ್ಟಿಯಿಂದ ಯಾವ ಮಗುವೂ ಕಲಿತದ್ದನ್ನು ನಾವು ಕಂಡಿಲ್ಲ. ಕಾಂಬೋಗಳಿಗೂ ಬಿಗ್ ಬ್ಯಾಂಡ್‌ಗಳಷ್ಟೇ ಹೊತ್ತು, ಅದೇ ವೇದಿಕೆ ಕೊಡಿ. ಊಟದ ಬಿಡುವಿನಲ್ಲಿ ಪಡಸಾಲೆಯಲ್ಲಿ ನುಡಿಸಲು ಬಿಡುವುದನ್ನು ನಿಲ್ಲಿಸಿ.

ಇಷ್ಟನ್ನೂ ಒಂದೇ ವರ್ಷ ಮಾಡಿ ಎನ್ನುತ್ತಿಲ್ಲ. ಹಣ ಒಂದಕ್ಕೇ ಇದ್ದರೆ ರಿದಮ್ ಸೆಕ್ಷನ್ ಶಿಕ್ಷಕರಿಗೆ ಕೊಡಿ. ಹಣವೇ ಇಲ್ಲ, ಹೊತ್ತು ಮಾತ್ರ ಇದೆ ಎಂದರೆ ವಾರಕ್ಕೊಂದು ಗಂಟೆಯ ಕಾಂಬೋ, ಬಾಗಿಲು ಮುಚ್ಚುವ ಎರಡು ಕೊಠಡಿ. ಮುಂದಿನ ವರ್ಷದ ವೇಳಾಪಟ್ಟಿ ಅಂತಿಮಗೊಳ್ಳುವ ಮೊದಲು ನಮ್ಮಲ್ಲಿ ಇಬ್ಬರನ್ನು ಸಭೆಗೆ ಕರೆದು ಕೇಳಿ. ಕೊಠಡಿವಾರು, ಗಂಟೆವಾರು ಹಂಚಿಕೆಯ ಕರಡನ್ನು ನಾವೇ ಬರೆದುಕೊಂಡು ಬರುತ್ತೇವೆ.

ಇಂತಿ,
ಯುವ ಜಾಝ್ ತಂಡಗಳ ಶಿಕ್ಷಕರು